ಕನ್ನಡ ಬರಲ್ಲ ಅಂದ ಸೆಮಿಸ್ಟರು

ನನಗೆ ಹಲ್ಲಿ ಕಂಡರೆ ಭಯವಿಲ್ಲ. ಕತ್ತಲೆಯೆಂದರೆ ಭಯವಿಲ್ಲ. ಸಂಜೆ ಆರು ಗಂಟೆಗೆ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ನುಗ್ಗಿ ಬಸ್ ಹತ್ತುವುದಕ್ಕೂ ಭಯವಿಲ್ಲ. ಆದರೆ ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಸೆಮಿಸ್ಟರು ಪೂರ್ತಿ ನಾನು ಹೆದರಿ ಸತ್ತೆ. ಅದೂ ಎಂಥ ವಿಷಯಕ್ಕೆ? ನನಗೆ ಕನ್ನಡ ಬರುತ್ತದೆ ಎನ್ನುವುದು ಯಾರಿಗಾದರೂ ಗೊತ್ತಾಗಿಬಿಟ್ಟರೆ ಎಂದು.

ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ಆಗ ನಾನು ಪಟ್ಟ ಪಾಡು ನನಗೆ ಗೊತ್ತು.

ನಮ್ಮದು ಗದಗ ಕಡೆಯ ಮನೆತನ. ಅಪ್ಪ ವಿಮಾ ಕಚೇರಿಯ ಕೆಲಸದಲ್ಲಿ ವರ್ಗವಾಗಿ ಬೆಂಗಳೂರಿಗೆ ಬಂದವರು. ನಾನು ಬೆಳೆದದ್ದು ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಜೋಳದ ರೊಟ್ಟಿ, ಜೋರು ದನಿ, ಅಪ್ಪಟ ಗದಗಿನ ಮಾತು. ಹತ್ತನೇ ತರಗತಿಯವರೆಗೆ ನನ್ನ ಪ್ರಥಮ ಭಾಷೆ ಕನ್ನಡ. ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೊಂದು ಬಂದಾಗ ಅಪ್ಪ ಕ್ವಾರ್ಟರ್ಸಿನ ಎರಡು ಬ್ಲಾಕಿಗೆ ಪೇಢೆ ಹಂಚಿದ್ದರು. ಪಿಯುಸಿಗೆ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸಂಸ್ಕೃತ ತೆಗೆದುಕೊಂಡೆ. ಸಂಸ್ಕೃತದ ಮೇಲೆ ಪ್ರೀತಿ ಉಕ್ಕಿ ಬಂದು ಅಲ್ಲ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದರೂ ತೊಂಬತ್ತೆಂಟು ಸಿಗುತ್ತದೆ ಎಂಬ ಸುದ್ದಿ ನಮ್ಮ ಬೀದಿಯ ತಾಯಂದಿರಿಗೆಲ್ಲ ಗೊತ್ತಿತ್ತು.

ಆಮೇಲೆ ಶಿವಾಜಿನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಬಿಕಾಂ ಸೇರಿದೆ. ಬಿಕಾಂ ಅಂದರೆ ಅಕೌಂಟ್ಸು, ವ್ಯವಹಾರ, ತೆರಿಗೆ, ಇಷ್ಟು ಓದಿದರೆ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ! ಪರಿಸರ ಅಧ್ಯಯನ ಓದಬೇಕು, ಸಂವಿಧಾನ ಓದಬೇಕು, ಯೋಗಕ್ಕೆ ಚಾಪೆ ತರಬೇಕು, ಕಂಪ್ಯೂಟರಿನದೊಂದು ಪೇಪರು ಬರೆಯಬೇಕು, ನಮ್ಮ ವಿಭಾಗದ ಹೊರಗಿನ ಒಂದು ಓಪನ್ ಇಲೆಕ್ಟಿವ್ ತೆಗೆದುಕೊಳ್ಳಬೇಕು, ಎಲ್ಲದರ ಮೇಲೆ ಭಾಷೆ. ಪ್ರತಿಯೊಂದಕ್ಕೂ ಇಷ್ಟಿಷ್ಟು ಕ್ರೆಡಿಟ್ಟು. ಮುಖ್ಯ ವಿಷಯಗಳಲ್ಲಿ ಚಿನ್ನದ ಪದಕ ಬಂದರೂ ಇವುಗಳಲ್ಲಿ ಒಂದೇ ಒಂದು ಬಾಕಿ ಉಳಿದರೆ ಡಿಗ್ರಿ ಕೈಗೆ ಬರುವುದಿಲ್ಲ. ಮೊದಲ ದಿನ ಸಭಾಂಗಣದಲ್ಲಿ ಇದನ್ನು ಹೇಳಿದಾಗ ನನ್ನ ಪಕ್ಕದ ಹುಡುಗ, "ಗುರು, ಇದೇನು ಡಿಗ್ರಿನಾ ಮದುವೆ ಊಟಾನಾ, ಎಲ್ಲಾ ಬಡಿಸ್ತಾರೆ, ಎಲ್ಲಾ ತಿನ್ಲೇಬೇಕು" ಅಂದಿದ್ದ.

ಭಾಷೆಯ ಪೇಪರು ನಮ್ಮಲ್ಲಿ ಎರಡನೆಯ ಸೆಮಿಸ್ಟರಿಗೆ ಬರುತ್ತಿತ್ತು. ಅದರಲ್ಲಿ ಎರಡು ಬ್ಯಾಚು. ಶಾಲೆಯಲ್ಲಿ ಕನ್ನಡ ಓದಿದವರಿಗೆ ಹಳಗನ್ನಡದ ಪದ್ಯ, ಪ್ರಬಂಧ, ಉದ್ದುದ್ದ ಉತ್ತರ. ತಲೆ ಕೆಳಗಾಗಿ ಓದಿದರೂ ನೂರಕ್ಕೆ ಅರವತ್ತೈದು ದಾಟುವುದಿಲ್ಲ ಅಂತ ಸೀನಿಯರುಗಳು ಹೆದರಿಸಿದ್ದರು. ಕನ್ನಡವನ್ನೇ ಓದದೆ ಬಂದವರಿಗೆ ಫಂಕ್ಷನಲ್ ಕನ್ನಡ. ಅಕ್ಷರಮಾಲೆ, ತರಕಾರಿ ಅಂಗಡಿಯ ಸಂಭಾಷಣೆ, ಒಂದು ಪತ್ರ. ಮುಗಿಯಿತು, ತೊಂಬತ್ತು.

ನಾವು ಸೇರಿದಾಗ ಅರ್ಜಿಯೆಲ್ಲ ಆನ್‌ಲೈನು. 'ಅರ್ಹತಾ ಪರೀಕ್ಷೆಯಲ್ಲಿ ಓದಿದ ಭಾಷೆ' ಎಂಬಲ್ಲಿ ಸಂಸ್ಕೃತ ಎಂದು ತುಂಬಿದ್ದೆ, ಅದು ನಿಜವೇ. ಕಂಪ್ಯೂಟರು ಅದನ್ನು ನೋಡಿ ನನ್ನನ್ನು ಕನ್ನಡ ಬಾರದವರ ಪಟ್ಟಿಗೆ ಹಾಕಿತು. ನೋಟೀಸ್ ಬೋರ್ಡಿನಲ್ಲಿ ನನ್ನ ರಿಜಿಸ್ಟರ್ ನಂಬರು ಕಂಡಾಗ ಆಫೀಸಿಗೆ ಹೋಗಿ ಹೇಳಬೇಕಿತ್ತು. ಗೆಳತಿಯೊಬ್ಬಳು, "ಲಾಟರಿ ಹೊಡೀತಲ್ಲೇ ಮಗಾ, ಬಾಯ್ ಮುಚ್ಕೊಂಡಿರು" ಅಂದಳು. ಮುಚ್ಚಿಕೊಂಡಿದ್ದೆ. ಅತಿ ಆಸೆ ಗತಿಗೇಡು ಅಂತ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ಆ ಹತ್ತರಲ್ಲಿ ಒಂದಾದರೂ ನನ್ನ ಕಿವಿಗೆ ಬಿದ್ದಿರಬೇಕಿತ್ತು.

ಮೂರನೆಯ ವಾರ ಒಂದು ಹಾಳೆ ಕೊಟ್ಟು ಸಹಿ ಹಾಕಿ ಅಂದರು. ನಾನು ಯಾವ ಹಂತದಲ್ಲಿಯೂ ಕನ್ನಡ ಓದಿಲ್ಲ, ಇದು ಸುಳ್ಳೆಂದು ಕಂಡುಬಂದರೆ ಪತ್ರಿಕೆ ರದ್ದು, ಶಿಸ್ತುಕ್ರಮ. ಯಾವ ಶಿಸ್ತುಕ್ರಮ ಅಂತ ಬರೆದಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಹತ್ತನೆಯ ತರಗತಿಯಿಂದ ನಾನು ಸಹಿ ಹಾಕುತ್ತಿದ್ದುದು ಕನ್ನಡದಲ್ಲಿ. ಆವತ್ತು ಇಂಗ್ಲಿಷಿನಲ್ಲಿ ಹಾಕಿದೆ.

ಹಾಳೆ ತೆಗೆದುಕೊಂಡ ಗುಮಾಸ್ತರು ಅದನ್ನು ಹಿಂದಿನ ಕಬ್ಬಿಣದ ಬೀರುವಿನಲ್ಲಿಟ್ಟರು. ಆಗ ನನಗೆ ಹೊಳೆಯಿತು, ಪ್ರವೇಶದ ಸಮಯದಲ್ಲಿ ಜನ್ಮದಿನಾಂಕಕ್ಕೆಂದು ಕೊಟ್ಟ ನನ್ನ ಹತ್ತನೇ ತರಗತಿಯ ಅಂಕಪಟ್ಟಿಯ ನಕಲು ಅದೇ ಬೀರುವಿನಲ್ಲಿದೆ. 'ಪ್ರಥಮ ಭಾಷೆ ಕನ್ನಡ, ೧೨೧.' ಎರಡು ಹಾಳೆಗಳು ಒಂದೇ ಫೈಲಿನಲ್ಲಿ! ಯಾರಾದರೂ ಬೆರಳಿಗೆ ಎಂಜಲು ಹಚ್ಚಿ ನಾಲ್ಕು ಪುಟ ತಿರುವಿದರೆ ನನ್ನ ಕಥೆ ಮುಗಿಯಿತು. ಆಮೇಲೆ ಆಫೀಸಿನ ಕಿಟಕಿಯ ಮುಂದೆ ಹೋಗುವಾಗಲೆಲ್ಲ ಆ ಬೀರುವಿನ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ನೋಡಿಕೊಂಡೇ ಹೋಗುತ್ತಿದ್ದೆ.

ಅದಕ್ಕೂ ಮುಂಚೆ, ಮೊದಲ ತರಗತಿಯಲ್ಲೇ ಸಿಕ್ಕಿಬೀಳಬೇಕಿತ್ತು. ಮೇಡಂ ತುಮಕೂರು ಕಡೆಯವರು, ಅತಿಥಿ ಉಪನ್ಯಾಸಕಿ, ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು ಬಂದರು. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. "ನೀವು ಹೇಳಿ, ಮನೇಲಿ ಯಾವ ಭಾಷೆ ಮಾತಾಡ್ತೀರಿ?" ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಪ್ರಶ್ನೆ ಕನ್ನಡದಲ್ಲಿದೆ, ನನಗೆ ಅದು ಅರ್ಥವೇ ಆಗಬಾರದು ಅಂತ ನೆನಪಾಗಿ ಗಕ್ಕನೆ ನಿಂತೆ. ಪೆದ್ದಿಯ ಹಾಗೆ ಕಣ್ಣು ಬಿಟ್ಟು, "ಸಾರಿ ಮ್ಯಾಮ್?" ಅಂದೆ. ಅವರು ಇಂಗ್ಲಿಷಿನಲ್ಲಿ ಕೇಳಿದ ಮೇಲೆ "ಮರಾಠಿ" ಅಂದೆ. ನನ್ನ ಮರಾಠಿ ಅಂದರೆ ಬೆಳಗಾವಿಯ ಸೋದರತ್ತೆಯ ಮನೆಯಲ್ಲಿ ಕಲಿತ ನಾಲ್ಕು ಮಾತು. ತರಗತಿಯಲ್ಲಿ ತಮಿಳರಿದ್ದರು, ಉರ್ದುವಿನವರಿದ್ದರು, ಮಲಯಾಳಿಗಳಿದ್ದರು, ಮಣಿಪುರದ ಇಬ್ಬರು ಹುಡುಗಿಯರಿದ್ದರು. ಮರಾಠಿಯವರು ಒಬ್ಬರೂ ಇರಲಿಲ್ಲ, ನನ್ನ ಪುಣ್ಯ.

ಬಾರದ್ದನ್ನು ಬರುತ್ತದೆ ಎನ್ನುವುದು ಸುಲಭ, ಅದನ್ನು ಎಲ್ಲರೂ ಮಾಡುತ್ತಾರೆ. ಬರುವುದನ್ನು ಬರುವುದಿಲ್ಲ ಎನ್ನುವುದಿದೆಯಲ್ಲ, ಅದು ಜೀವ ಹಿಂಡುವ ಕೆಲಸ. ಮೇಡಂ ಮೇಲಕ್ಕೆ ನೋಡಿ ತಮ್ಮಷ್ಟಕ್ಕೆ, "ಈ ಫ್ಯಾನು ತಿರುಗ್ತಿದೆಯೋ ತೂಕಡಿಸ್ತಿದೆಯೋ" ಅಂದರೆ ಇಡೀ ತರಗತಿಯಲ್ಲಿ ನಗು ಬರುತ್ತಿದ್ದುದು ನನಗೊಬ್ಬಳಿಗೆ. ಒಂದು ಸಲ ತಡೆಯಲಾರದೆ ನಕ್ಕು, ಅದನ್ನು ಕೆಮ್ಮಾಗಿ ತಿರುಗಿಸಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದೆ. ಮೇಡಂ ನನ್ನನ್ನೇ ಒಂದು ಗಳಿಗೆ ನೋಡಿದರು. "ನೀರು ಕುಡೀರಿ" ಅಂದು ಪಾಠ ಮುಂದುವರಿಸಿದರು. ನೀರು ಕುಡಿಯಿರಿ ಅಂದದ್ದು ಅರ್ಥವಾದಂತೆ ಬಾಟಲಿಗೆ ಕೈ ಹಾಕಲೋ ಬೇಡವೋ ಎಂದು ನಾನು ಯೋಚಿಸುತ್ತ ಕೂತೆ.

ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಒಬ್ಬ ಸೀನಿಯರ್. ಕೃಷ್ಣಗಿರಿ ಹತ್ತಿರದ ಊರಿನವಳು, ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿಎಸ್ಸಿ ಓದುತ್ತಿದ್ದಳು. ನಾನು ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅವಳು ಕೊನೆಯ ಸೆಮಿಸ್ಟರಿನಲ್ಲಿದ್ದಳು. ಗಣಿತದಲ್ಲಿ ಕಾಲೇಜಿಗೇ ಮೊದಲು. ಆದರೆ ಈ ಒಂದು ಫಂಕ್ಷನಲ್ ಕನ್ನಡವನ್ನು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದಳು. ಹಾಜರಿಯೂ ಸಾಲದು ಅಂತ ಮತ್ತೆ ತರಗತಿಗೆ ಕೂರಿಸಿದ್ದರು. ಚೆನ್ನೈಯಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತ್ತು. ಎಲ್ಲ ಪೇಪರೂ ಪಾಸಾದ ಅಂಕಪಟ್ಟಿ ತೋರಿಸಿದರೆ ಮಾತ್ರ ಆ ಸೀಟು ಅವಳದು.

"ಮೂರು ವರ್ಷ ಮಾ," ಅಂತ ಮೊದಲ ದಿನವೇ ಹೇಳಿದ್ದಳು. "ಎಲ್ಲಾ ಮುಗೀತು. ಇದು ಒಂದೇ. ಇದು ಹೋದ್ರೆ ಎಲ್ಲಾ ಹೋಯ್ತು."

ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು, ನಡುನಡುವೆ ಅವಳು ಅಭ್ಯಾಸಕ್ಕೆಂದು ಕನ್ನಡ ಬೆರೆಸುತ್ತಿದ್ದಳು. ಬಾಯಿಮಾತು ಹೇಗೋ ಬರುತ್ತಿತ್ತು. ಮೂರು ವರ್ಷ ಹಲಸೂರಿನಲ್ಲಿ ತರಕಾರಿ ಕೊಂಡವಳಿಗೆ ಬಾರದೆ ಇರುತ್ತದೆಯೇ! ಅವಳ ಪೀಡೆಯೆಲ್ಲ ಓದು ಬರಹ. ಒತ್ತಕ್ಷರ ಕಂಡರೆ ಮುಖ ಬಿಳಿಚಿಕೊಳ್ಳುತ್ತಿತ್ತು. ಒಂದು ಸಾಲು ಓದುವಷ್ಟರಲ್ಲಿ ಹಣೆ ಬೆವರುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? ಅವಳು ಎಲ್ಲಿ ತಡವರಿಸುತ್ತಾಳೆ ಅಂತ ನೋಡಿಕೊಂಡು, ನನ್ನ ಸರದಿ ಬಂದಾಗ ನಾನೂ ಅಲ್ಲಲ್ಲೇ ತಡವರಿಸಿದೆ. ಅವಳ ತಪ್ಪುಗಳನ್ನು ಕದ್ದು ನನ್ನ ರಕ್ಷಣೆಗೆ ಬಳಸಿಕೊಂಡೆ. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನನ್ನ ಓಪನ್ ಇಲೆಕ್ಟಿವ್ ಗಣಿತ ವಿಭಾಗದ್ದು. ಕಾಮರ್ಸಿನವರಿಗೆ ಸುಲಭವಾಗಿರುತ್ತದೆ ಅಂದಿದ್ದರು, ಸುಳ್ಳು. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಬಂತು. ಅಕ್ಕ ಆ ಹಾಳೆ ನೋಡಿ ತಲೆ ಚಚ್ಚಿಕೊಂಡು, ಮರುದಿನದಿಂದ ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದಳು. ವಾರಕ್ಕೆ ಮೂರು ದಿನ, ಮಧ್ಯಾಹ್ನದ ಊಟ ಬಿಟ್ಟು. ನಾನು ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ಅವಳು ಮುಖ ಸಿಂಡರಿಸಿದವಳಲ್ಲ. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು ಮಾ, ಅದರಲ್ಲಿ ಏನಿದೆ" ಅನ್ನುತ್ತಿದ್ದಳು.

ಅಲ್ಲಿ ಕೂತಿದ್ದಾಗ ಒಂದು ದಿನ ಅವ್ವನ ಫೋನು ಬಂತು. ಕಟ್ ಮಾಡಿದೆ. ಮತ್ತೆ ಬಂತು. "ಅಮ್ಮ ಮಾ, ಎತ್ತು," ಅಂದಳು ಅಕ್ಕ. ಎತ್ತಿ, "ಯೆಸ್ ಮಾ, ಐ ಆಮ್ ಇನ್ ಕಾಲೇಜ್ ಮಾ" ಅಂದೆ. ಆ ಕಡೆಯಿಂದ ಅವ್ವ, "ಯಾಕವಾ, ಮೈಯಾಗ ಅರಾಮ ಇಲ್ಲೇನ? ಯಾರ ಜೋಡಿ ಮಾತಾಡಾಕತ್ತಿ?" ಅಂತ ಕೂಗಿದ್ದು ಫೋನಿನಿಂದ ಹೊರಗೂ ಕೇಳಿತು. ಅಕ್ಕ ತಲೆ ತಗ್ಗಿಸಿ ಲೆಕ್ಕ ಬರೆಯುತ್ತಿದ್ದಳು. ಕೇಳಿಸಿತೋ ಇಲ್ಲವೋ, ಕೇಳಿಸಿದ್ದರೂ ಅದು ಮರಾಠಿಯಲ್ಲ ಅಂತ ತಿಳಿಯಿತೋ ಇಲ್ಲವೋ, ನಾನು ಕೇಳುವ ಹಾಗಿರಲಿಲ್ಲ. ಆವತ್ತಿನಿಂದ ಕಾಲೇಜಿನ ಗೇಟು ದಾಟುವ ಮುಂಚೆಯೇ ಫೋನು ಬಂದ್ ಮಾಡತೊಡಗಿದೆ.

ಪರೀಕ್ಷೆಗೆ ಎರಡು ವಾರವಿದೆ ಎನ್ನುವಾಗ ಆ ಸುದ್ದಿ ಬಂತು. ಇನ್ನೊಂದು ಸೆಕ್ಷನ್ನಿನ ಹುಡುಗನೊಬ್ಬ ಸಿಕ್ಕಿಬಿದ್ದಿದ್ದ. ಅವನದೂ ನನ್ನದೇ ಕಥೆ. ಪಿಯುಸಿಯಲ್ಲಿ ಬೇರೆ ಭಾಷೆ, ಅದಕ್ಕೆ ಮುಂಚೆ ಹತ್ತು ವರ್ಷ ಕನ್ನಡ. ಅವನ ಅಪ್ಪ ಯಾವುದೋ ಸರ್ಟಿಫಿಕೇಟಿಗೆ ಕಾಲೇಜಿಗೆ ಬಂದವರು ಆಫೀಸಿನ ಕಿಟಕಿಯಲ್ಲಿ ನಿಂತು ಗುಮಾಸ್ತರ ಜೊತೆ ಲೋಕಾಭಿರಾಮ ಮಾತಾಡುತ್ತ, ಮಗ ಶಾಲೆಯಲ್ಲಿ ಕನ್ನಡ ಭಾಷಣದಲ್ಲಿ ಬಹುಮಾನ ತೆಗೆದದ್ದನ್ನು ಹೆಮ್ಮೆಯಿಂದ ಹೇಳಿಬಿಟ್ಟರಂತೆ. ಪಾಪ, ಅವರಿಗೇನು ಗೊತ್ತು. ಫೈಲು ಹೊರಗೆ ಬಂತು. ಹುಡುಗನ ಪತ್ರಿಕೆ ರದ್ದಾಯಿತು, ಪರೀಕ್ಷೆಗೆ ಕೂರುವಂತಿಲ್ಲ ಅಂದರು.

ಮೇಡಂ ತರಗತಿಗೆ ಬಂದವರೇ ಡಸ್ಟರನ್ನು ಮೇಜಿನ ಮೇಲೆ ಕುಕ್ಕಿದರು. "ಆ ಹುಡುಗನ ತಂದೆ ಪ್ರಿನ್ಸಿಪಾಲರ ರೂಮಲ್ಲಿ ಕೈ ಮುಗಿದು ನಿಂತಿದ್ರು. ನೋಡಕ್ಕಾಗ್ಲಿಲ್ಲ ನನ್ ಕೈಲಿ. ಇಲ್ಲೂ ಯಾರಾದ್ರೂ ಹಂಗೆ ಇದ್ದೀರೇನ್ರೀ? ಈ ವಾರದಲ್ಲಿ ಎಲ್ಲಾ ಫೈಲೂ ತೆಗೆದು ನೋಡ್ತಾರಂತೆ." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಇಂಗ್ಲಿಷಿಗೆ ಕಾಯದೆ ಕನ್ನಡಕ್ಕೇ ಬೆವರಿದ್ದೆ.

ಆ ವಾರ ಕಣ್ಣು ಮುಚ್ಚಿದರೆ ಅಪ್ಪ ಕೈ ಮುಗಿದು ನಿಂತಿದ್ದಾರೆ. ನಮ್ಮಪ್ಪ ಮೇಲಧಿಕಾರಿಗಳ ಮುಂದೂ ಬಗ್ಗಿದವರಲ್ಲ. ಅದೇ ಸಮಯಕ್ಕೆ ಅಪ್ಪ ರೊಟ್ಟಿ ಮುರಿಯುತ್ತ, "ನಿಮ್ಮ ಕಾಲೇಜಿನಾಗ ಪಾಲಕರ ಸಭಾ ಮಾಡೂದಿಲ್ಲೇನ? ಒಮ್ಮೆ ಬಂದು ಎಲ್ಲಾರನ್ನೂ ಮಾತಾಡಿಸಿ ಹೋಗ್ತೇನಿ," ಅಂದರು. "ನಮ್ಮಲ್ಲೆ ಅದೆಲ್ಲಾ ಇಲ್ಲಪ್ಪಾ" ಅಂದೆ. ಇತ್ತು. ಅದೇ ಶನಿವಾರ ಇತ್ತು. ಅಪ್ಪನಿಗೆ ಬಂದ ಮೆಸೇಜನ್ನು ಅವರ ಫೋನಿನಿಂದ ನಾನೇ ಅಳಿಸಿದ್ದೆ.

ಆ ಶುಕ್ರವಾರ ಕಲ್ಲುಬೆಂಚಿನ ಮೇಲೆ ಅಕ್ಕ ತನ್ನ ನೋಟ್‌ಬುಕ್ಕು ತೆರೆದು ನನ್ನ ಮುಂದಿಟ್ಟಳು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಒಂದು ಪತ್ರ ಬರುತ್ತದೆ, ರಜೆ ಕೇಳಿ ಪ್ರಾಂಶುಪಾಲರಿಗೆ ಬರೆಯುವ ಪತ್ರವೇ ಹೆಚ್ಚಾಗಿ ಬರುವುದು. ಹಿಂದಿನ ವರ್ಷದ ಯಾರದೋ ಜೆರಾಕ್ಸು ಇಟ್ಟುಕೊಂಡು ಅವಳು ಅದನ್ನು ರಂಗೋಲಿ ಕಲಿತ ಹಾಗೆ ಕಲಿತಿದ್ದಳು, ಅರ್ಥ ನೋಡದೆ, ಆಕಾರ ನೋಡಿ. ಇಪ್ಪತ್ತು ಸಲ ಬರೆದಿದ್ದಳು. ಅಕ್ಷರಗಳು ಮುತ್ತಿನ ಹಾಗಿದ್ದವು.

"ನೋಡು ಮಾ. ಇದು ಕರೆಕ್ಟಾ?"

ನೋಡಿದೆ. ಜೆರಾಕ್ಸಿನಲ್ಲಿ ಎರಡು ಪುಟಗಳು ಹಿಂದುಮುಂದಾಗಿ ಸೇರಿಕೊಂಡಿದ್ದವು. 'ಇವರಿಂದ' ಎಂಬಲ್ಲಿ ಪ್ರಾಂಶುಪಾಲರಿದ್ದರು, 'ಇವರಿಗೆ' ಎಂಬಲ್ಲಿ ವಿದ್ಯಾರ್ಥಿನಿ. ಪ್ರಾಂಶುಪಾಲರೇ ವಿದ್ಯಾರ್ಥಿನಿಯ ಹತ್ತಿರ ರಜೆ ಕೇಳುತ್ತಿದ್ದರು. ವಂದನೆ ಮೊದಲೇ ಬಂದಿತ್ತು, ಕಾರಣ ಹೇಳುವ ಸಾಲು ಅರ್ಧಕ್ಕೆ ಕತ್ತರಿಸಿ ಹೋಗಿತ್ತು, ಉಳಿದರ್ಧದಲ್ಲಿ ಅಂಚೆ ಕಚೇರಿಗೆ ಬರೆದ ಬೇರೊಂದು ದೂರು ಶುರುವಾಗಿತ್ತು. ಬೇರೆ ಯಾವತ್ತಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸರಿಪಡಿಸಲು ಹತ್ತು ನಿಮಿಷ ಸಾಕಿತ್ತು. ಪೆನ್ನು ಕೈಯಲ್ಲೇ ಇತ್ತು.

ಆದರೆ ಅದು ತಪ್ಪು ಅಂತ ಹೇಳಿದರೆ ನನಗೆ ಹೇಗೆ ತಿಳಿಯಿತು ಅಂತ ಹೇಳಬೇಕು. ನಿನ್ನೆ ಮೇಡಂ ಮುಂದೆ ನಾಲ್ಕು ಸಾಲು ಓದಲಾರದೆ ಒದ್ದಾಡಿದವಳು ಇವತ್ತು ಇಡೀ ಪತ್ರ ತಿದ್ದುವುದು ಹೇಗೆ? ಅಕ್ಕ ಖುಷಿಯಲ್ಲಿ ಯಾರ ಮುಂದಾದರೂ ಆಡಿದರೆ? ಅದು ಮೇಡಂ ಕಿವಿಗೆ ಬಿದ್ದರೆ? ಫೈಲು ತೆಗೆಯುತ್ತಿರುವ ವಾರ ಬೇರೆ.

"ಸರಿ ಇದೆ ಅನ್ಸುತ್ತೆ ಅಕ್ಕಾ," ಅಂದೆ, ಒಂದೊಂದೇ ಪದ ಹುಡುಕುವವಳಂತೆ ನಟಿಸುತ್ತ. "ನಂಗೂ... ಗೊತ್ತಿಲ್ಲ."

"ಸರಿ ಇದೆ ಅಲ್ವಾ?" ಅಂತ ಅವಳು ಮುಖವರಳಿಸಿಕೊಂಡು ನೋಟ್‌ಬುಕ್ಕು ಮುಚ್ಚಿದಳು. ಆಮೇಲೆ ನನ್ನ ಗಣಿತದ ಪುಸ್ತಕ ತೆರೆದು, ಹಿಂದಿನ ದಿನ ನನಗೆ ತಿಳಿಯದ ಲೆಕ್ಕವನ್ನು ಐದನೆಯ ಸಲ ಹೇಳಿಕೊಟ್ಟಳು.

ಫೈಲು ನೋಡುವುದು ಎಲ್ಲ ಆಫೀಸಿನ ಮಾತಿನ ಹಾಗೆ ಅಲ್ಲಿಗೇ ನಿಂತಿತು. ಯಾರೂ ಬೀರು ತೆರೆಯಲಿಲ್ಲ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತಿರುಗಿಸಿ ನೋಡಿದೆ. ಕೊನೆಯ ಪ್ರಶ್ನೆ, ರಜೆ ಕೋರಿ ಪ್ರಾಂಶುಪಾಲರಿಗೆ ಪತ್ರ. ಎರಡು ಸಾಲು ಮುಂದೆ ಅಕ್ಕ ಕೂತಿದ್ದಳು. ಪ್ರಶ್ನೆ ಗುರುತು ಹಿಡಿದು, ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿ ನಕ್ಕಳು. ಮೇಲ್ವಿಚಾರಕರು ಗದರಿದರು. ಅವಳು ಬರೆಯತೊಡಗಿದಳು. ನಾನು ಅವಳ ಬೆನ್ನು ನೋಡುತ್ತ ಕೂತೆ. ಆಗಲೂ ನಾನು ಎದ್ದು ಏನೂ ಹೇಳಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಏನು ಹೇಳಲಿಕ್ಕಾಗುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಾದರೆ ಹಿಂದಿನ ಅಷ್ಟೂ ದಿನ ಬಾಯಿಗೆ ಏನಾಗಿತ್ತು ಅಂತ ಕೇಳುವವರಿರಲಿಲ್ಲ.

ನನ್ನ ಉತ್ತರಪತ್ರಿಕೆಯಲ್ಲಿ ಬೇಕೆಂದೇ ಮೂರು ನಾಲ್ಕು ತಪ್ಪು ಮಾಡಿದೆ, ಅನುಮಾನ ಬಾರದಿರಲಿ ಅಂತ.

ಫಲಿತಾಂಶ ಬಂದಾಗ ನನಗೆ ಬರವಣಿಗೆಯ ಪರೀಕ್ಷೆಯ ಅರವತ್ತಕ್ಕೆ ಐವತ್ತೇಳು. ಗಣಿತದಲ್ಲೂ ಪಾಸು, ಅದೂ ಒಳ್ಳೆಯ ಅಂಕದಲ್ಲಿ. ಅಪ್ಪ ಮತ್ತೆ ಪೇಢೆ ತಂದರು. ಅಕ್ಕನ ನಂಬರು ಹಾಕಿ ನೋಡುವ ಧೈರ್ಯ ನನಗಿರಲಿಲ್ಲ. ಹತ್ತು ದಿನವಾದ ಮೇಲೆ ಅವಳೇ ಫೋನು ಮಾಡಿ, ಹಲಸೂರು ಮೆಟ್ರೋ ಹತ್ತಿರ ಬಾ ಅಂದಳು. ದನಿಯಲ್ಲಿ ಏನೂ ತಿಳಿಯಲಿಲ್ಲ. ಗೊತ್ತಾಗಿಬಿಟ್ಟಿದೆ, ಬೈಯುವುದಕ್ಕೇ ಕರೆಯುತ್ತಿದ್ದಾಳೆ ಅಂತ ನನಗೆ ಖಾತ್ರಿಯಾಯಿತು. ಇಂದಿರಾನಗರದಿಂದ ಹಲಸೂರಿಗೆ ಒಂದೇ ನಿಲ್ದಾಣ. ಆ ಎರಡು ನಿಮಿಷದಲ್ಲಿ ಹತ್ತು ಸುಳ್ಳು ಸಿದ್ಧಮಾಡಿಕೊಂಡೆ.

ಮೆಟ್ಟಿಲ ಕೆಳಗೆ ಹೂವಿನವರ ಪಕ್ಕ ನಿಂತಿದ್ದಳು. ಕಣ್ಣು ಊದಿತ್ತು. "ಐದು ಮಾರ್ಕಲ್ಲಿ ಹೋಯ್ತು ಮಾ," ಅಂದಳು. ಪತ್ರಕ್ಕೆ ಒಂದೂ ಬಂದಿರಲಿಲ್ಲ. ಉತ್ತರಪತ್ರಿಕೆಯ ನಕಲು ತರಿಸಿ ಮೇಡಂಗೆ ತೋರಿಸಿದ್ದಳಂತೆ. ಅವರು ಇದೇನ್ರೀ ಬರೆದಿದ್ದೀರಿ ಅಂತ ತಲೆ ಮೇಲೆ ಕೈ ಹೊತ್ತು ಕೂತರಂತೆ. ಚೆನ್ನೈಯವರು ಸೋಮವಾರದವರೆಗೆ ಕಾದು ಸೀಟನ್ನು ಮುಂದಿನವರಿಗೆ ಕೊಟ್ಟಾಗಿತ್ತು. ಊರಿಗೆ ಹೋಗುತ್ತಿದ್ದಳು, ಅವಳ ಅಪ್ಪ ಬರಹೇಳಿದ್ದರು. ನಾವು ಕೆರೆಯ ಕಡೆಗೆ ನಡೆದೆವು.

"ಇನ್ನೊಂದು ಸಲ ಬರೀತೀನಿ," ಅಂದಳು. "ಬರೀಲೇಬೇಕು, ಡಿಗ್ರಿ ಬೇಕಲ್ಲ. ನಿಂಗೆ ಐವತ್ತೇಳು ಅಂತೆ. ಮೇಡಂ ಹೇಳಿದ್ರು. ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ನೀನೂ ನನ್ ತರಾನೇ, ಏನೂ ಬರದೆ ಬಂದಿದ್ದು. ನೀನು ಹೆಂಗೆ ಕಲಿತೆ, ಹಂಗೇ ನಂಗೂ ಹೇಳ್ಕೊಡು ಮಾ. ದಿನಾ ಫೋನಲ್ಲಿ ಅರ್ಧ ಗಂಟೆ. ಹೇಳ್ಕೊಡ್ತೀಯಾ?"

ಸಿದ್ಧಮಾಡಿಕೊಂಡಿದ್ದ ಹತ್ತು ಸುಳ್ಳುಗಳಲ್ಲಿ ಒಂದೂ ಇದಕ್ಕೆ ಹೊಂದುವಂತಿರಲಿಲ್ಲ. ಅವಳು ಬೈದಿದ್ದರೆ ಅತ್ತು ತಪ್ಪಿಸಿಕೊಳ್ಳುತ್ತಿದ್ದೆ. ಕೆರೆಯ ಬೇಲಿಯ ಹತ್ತಿರ ನಿಂತೆ. ನನ್ನ ಬಾಯಿಂದ ಬಂದದ್ದು ಮನೆಯ ಮಾತು, ಅವಳ ಮುಂದೆ ಒಂದು ದಿನವೂ ಆಡಿರದ ಮಾತು.

"ಅಕ್ಕಾ, ನಾ ಕಲ್ತಿಲ್ಲ. ನನಗ ಮೊದ್ಲಿಂದ ಬರ್ತದ. ನಮ್ಮ ಮನ್ಯಾಗ ಮಾತಾಡೂದ ಕನ್ನಡ. ಹತ್ತನೇತ್ತಾ ತನಕಾ ಅದನ್ನ ಓದೇನಿ."

ಅವಳು ನನ್ನನ್ನು ನೋಡುತ್ತ ನಿಂತಳು. ಎಲ್ಲ ಪದವೂ ಅರ್ಥವಾಯಿತೋ ಇಲ್ಲವೋ, ಆದರೆ ಆ ವೇಗ ಅರ್ಥವಾಗಿತ್ತು. ಈಗ ನನ್ನ ಪತ್ರಿಕೆ, ನನ್ನ ಡಿಗ್ರಿ, ಅಪ್ಪನ ಮರ್ಯಾದೆ, ಎಲ್ಲ ಅವಳ ಬಾಯಲ್ಲಿತ್ತು. ಮೇಡಂಗೆ ಒಂದು ಫೋನು ಮಾಡಿದರೆ ಸಾಕಿತ್ತು. ಆ ಕ್ಷಣದಲ್ಲೂ ನಾನು ಮೊದಲು ಹೆದರಿದ್ದು ಅದಕ್ಕೇ, ಥೂ ನನ್ನ ಜನ್ಮಕ್ಕೆ.

"ಹಂಗಾದ್ರೆ ಆ ಲೆಟರು," ಅಂದಳು. "ಅದು ತಪ್ಪು ಅಂತ ಅವತ್ತೇ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಭಯ ಆತಕ್ಕಾ."

ಅವಳು ಕೈಯಲ್ಲಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಜಗಳವಾಡುವ ದನಿಯಲ್ಲಲ್ಲ, ಲೆಕ್ಕ ಹೇಳಿಕೊಡುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

"ನಂಗೂ ಭಯ ಇತ್ತು ಮಾ. ಕನ್ನಡ ಬರೋರನ್ನ ಕೇಳಿದ್ರೆ ನಗ್ತಾರೆ ಅಂತ. ಅದಕ್ಕೇ ನಿನ್ನ ಕೇಳಿದ್ದು."